ಲೇಥಿಗೆ ಬಗ್ಗುವ ಕಾರು, ಬಗ್ಗದ ಕಾರು

ಹಳೆ ಕಾರು ಕೊಳ್ಳುವ ಹುಕಿ ಹತ್ತಿದವರು ನನ್ನ ಹತ್ತಿರ ಬಂದು ಕೇಳುವ ಮೊದಲ ಪ್ರಶ್ನೆ “ಆ್ಯವರೇಜ್ ಎಷ್ಟ ಕೊಡ್ತೈತ್ರಿ?” ಎಂಬುದು. ಶೋರೂಮಿನಲ್ಲಿ ನಿಂತು ಕೇಳಲು ಅದು ಸರಿಯಾದ ಪ್ರಶ್ನೆ. ಇಪ್ಪತ್ತು, ಮೂವತ್ತು, ನಲವತ್ತು ವರ್ಷ ಓಡಿದ ಗಾಡಿಯ ಮುಂದೆ ನಿಂತಾಗ ಕೇಳಬೇಕಾದ್ದು ಬೇರೆ: ಇದರಲ್ಲಿ ನಾಳೆ ಮುರಿಯುವ ಸಾಮಾನನ್ನು ಉದ್ಯಮಬಾಗದ ಲೇಥಿನ (ಲೋಹ ಕಡೆಯುವ ಯಂತ್ರ) ಮೇಲೆ ಮಾಡಿಸಬಹುದೋ, ಇಲ್ಲವೋ?

ಬೆಳಗಾವಿಯವರಿಗೆ ಉದ್ಯಮಬಾಗ ಅಂದರೇನೆಂದು ಬಿಡಿಸಿ ಹೇಳಬೇಕಿಲ್ಲ. ಹೊರಗಿನವರಿಗೆ ಇಷ್ಟು ಸಾಕು: ಫೌಂಡ್ರಿ, ಟರ್ನಿಂಗ್, ಮಿಲ್ಲಿಂಗ್, ಗ್ರೈಂಡಿಂಗ್ ಶೆಡ್ಡುಗಳು ಒತ್ತೊತ್ತಾಗಿ ನಿಂತ ಕೈಗಾರಿಕಾ ಪ್ರದೇಶ ಅದು. ದೊಡ್ಡ ಕಂಪನಿಗಳ ಆರ್ಡರಿನ ನಡುವೆಯೇ, ಸವೆದ ಬುಶ್ (ರಾಡು ತಿರುಗುವ ತೂತಿನ ಒಳಬಳೆ) ಒಂದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬಂದವನಿಗೂ ಅಲ್ಲಿ ಕೆಲಸ ಮಾಡಿಕೊಡುವವರಿದ್ದಾರೆ. ಅಲ್ಲಿ ಆಗದ್ದಕ್ಕೆ ಸುಮಾರು 110 ಕಿಲೋಮೀಟರ್ ದೂರದಲ್ಲಿ ಕೊಲ್ಹಾಪುರ ಇದೆ. ಹಳೆ ಕಾರಿನ ಮಟ್ಟಿಗೆ ಈ ಸೀಮೆ ಬೆಂಗಳೂರಿಗಿಂತ ಅನುಕೂಲ ಎಂದು ನಾನು ಹೇಳಿದರೆ ಬೆಂಗಳೂರಿನ ಗೆಳೆಯರು ನಗುತ್ತಾರೆ. ಅವರ ಬೀದಿಯಲ್ಲಿ ಲೇಥ್ ಇದ್ದರೆ ತೋರಿಸಲಿ.

ಹೀಗಾಗಿ ಕಾರಿನ ವಯಸ್ಸಿಗಿಂತ ಅದು ಯಾವುದರಿಂದ ಆಗಿದೆ ಎಂದು ನಾನು ಮೊದಲು ನೋಡುತ್ತೇನೆ. ಕಬ್ಬಿಣ, ಹಿತ್ತಾಳೆ, ರಬ್ಬರಿನ ಕಾರನ್ನು ಇಲ್ಲಿ ಎಷ್ಟು ವರ್ಷವಾದರೂ ಓಡಿಸಬಹುದು. ಸೆನ್ಸರ್, ಪ್ಲಾಸ್ಟಿಕ್, ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ತುಂಬಿದ ಕಾರು ಮಾತ್ರ ಅದನ್ನು ಮಾಡಿದ ಕಂಪನಿ ಬಾಗಿಲು ಹಾಕಿದ ದಿನವೇ ಮುದುಕಾಗುತ್ತದೆ. 1985ರ ಪದ್ಮಿನಿಯನ್ನು ಸಾಕುವುದು 1999ರ ಮ್ಯಾಟಿಜ್ ಸಾಕುವುದಕ್ಕಿಂತ ಹಗುರ. ಇದು ಉಲ್ಟಾ ಅನಿಸುತ್ತದೆ, ಗೊತ್ತು. ನನ್ನ ಷಡ್ಡಕನಿಗೂ ಹಾಗೇ ಅನಿಸಿತ್ತು. ಅವನ ಕಥೆ ಮುಂದಿದೆ.

ನಾನಿರುವುದು ಟಿಳಕವಾಡಿಯಲ್ಲಿ, ಹೆಂಡತಿಯ ತವರು ವಿಜಯಪುರ, ನಮ್ಮ ಹೊಲ ಮುಧೋಳದ ಹತ್ತಿರ. ಮೂರೂ ಜಿಲ್ಲೆಯ ರಸ್ತೆ, ಮಳೆ, ಜಳ ಎಲ್ಲವನ್ನೂ ನನ್ನ ಕಾರು ಕಂಡಿದೆ. ಕೆಳಗೆ ಹೇಳುವ ಗಾಡಿಗಳಲ್ಲಿ ಪದ್ಮಿನಿ ನನ್ನದು, ನ್ಯಾನೋ ಮಾವನವರದು, ಮ್ಯಾಟಿಜ್ ಷಡ್ಡಕನದು. ಹಳೆ ಮಾರುತಿಯನ್ನು ಗೆಳೆಯನ ಮನೆಯಲ್ಲಿ ಬಿಚ್ಚಿ ಕಟ್ಟಿದ್ದೇವೆ. ಡಾಲ್ಫಿನ್ ಒಂದನ್ನು ಮಾತ್ರ ಬೇರೆಯವರ ಅಂಗಳದಲ್ಲಿ ನಿಂತು ನೋಡಿದ್ದೇನೆ.

ಪದ್ಮಿನಿ

ಇಟಲಿಯ ಫಿಯೆಟ್ 1100 ಕಾರನ್ನು ಪ್ರೀಮಿಯರ್ ಆಟೋಮೊಬೈಲ್ಸ್ ಮುಂಬೈಯ ಕುರ್ಲಾದಲ್ಲಿ ಮಾಡತೊಡಗಿತು. ಎಪ್ಪತ್ತರ ದಶಕದ ನಡುವೆ ಅದಕ್ಕೆ ಪದ್ಮಿನಿ ಎಂದು ಹೆಸರು ಬಂತು, 2000ದ ಹೊತ್ತಿಗೆ ತಯಾರಿಕೆ ನಿಂತಿತು. ನಮ್ಮ ಕಡೆ ಇಂದಿಗೂ ಯಾರೂ ಪದ್ಮಿನಿ ಅನ್ನುವುದಿಲ್ಲ. “ಫಿಯೆಟ್ ಗಾಡಿ” ಅಷ್ಟೇ. 1089 ಸಿಸಿ ಪೆಟ್ರೋಲ್ ಎಂಜಿನ್, ಕಾರ್ಬ್ಯುರೇಟರ್, ಪಾಯಿಂಟ್-ಕಂಡೆನ್ಸರ್, ನಾಲ್ಕೂ ಗಾಲಿಗೆ ಡ್ರಮ್ ಬ್ರೇಕ್, ಹಿಂದೆ ಪಟ್ಟಿ ಸ್ಪ್ರಿಂಗ್, ಸ್ಟೀರಿಂಗ್ ಪಕ್ಕದಲ್ಲೇ ಹ್ಯಾಂಡ್ ಗೇರ್. ಕೊನೆಯ ವರ್ಷಗಳ ಕೆಲವಕ್ಕೆ ಮಾತ್ರ ನೆಲದಿಂದ ಗೇರ್ ಬಂತು.

ಈ ಹ್ಯಾಂಡ್ ಗೇರೇ ಮೊದಲು ಕೈಕೊಡುವ ಜಾಗ. ಗೇರ್ ಕಡ್ಡಿಯಿಂದ ಪೆಟ್ಟಿಗೆಯವರೆಗೆ ಹೋಗುವ ರಾಡುಗಳ ಬುಶ್ ಸವೆದರೆ ಒಂದನೇ ಗೇರ್ ಎಲ್ಲಿದೆ, ರಿವರ್ಸ್ ಎಲ್ಲಿದೆ ಎಂದು ಹುಡುಕಾಡಬೇಕಾಗುತ್ತದೆ. ಒಮ್ಮೆ ಖಡೇಬಜಾರಿನ ಸಂದಣಿಯಲ್ಲಿ ಹಿಂದೆ ಹೋಗಬೇಕಾದ ನಾನು ಮುಂದೆ ಹೋಗಿ ಬಾಳೆಹಣ್ಣಿನ ಕೈಗಾಡಿಗೆ ಮುತ್ತು ಕೊಟ್ಟಿದ್ದೆ. ಎರಡು ಡಜನ್ ಬಾಳೆಹಣ್ಣು ಕೊಂಡು ಪಂಚಾಯ್ತಿ ಮುಗಿಸಿದೆ.

ಮರುದಿನ ಬುಶ್ ಬಿಚ್ಚಿಕೊಂಡು ಉದ್ಯಮಬಾಗಕ್ಕೆ ಹೋದೆ. ಲೇಥಿನ ಹುಡುಗ ಅದನ್ನು ಬೆಳಕಿಗೆ ಹಿಡಿದು, ವರ್ನಿಯರ್ ಒಂದು ಬದಿಗೆ ಇಟ್ಟ, ತಿರುಗಿಸಿ ಇನ್ನೊಂದು ಬದಿಗೆ ಇಟ್ಟ. “ತತ್ತಿ ಆಗೇತ್ರಿ ಇದು” ಅಂದ. ತೂತು ಗುಂಡಗೆ ಉಳಿದಿರಲಿಲ್ಲ, ಮೊಟ್ಟೆಯಾಕಾರಕ್ಕೆ ಬಂದಿತ್ತು. ಗಟ್ಟಿಯಾಗಿರಲಿ, ಗನ್‌ಮೆಟಲ್‌ನಲ್ಲಿ ಮಾಡು ಅಂದೆ. ಅವನು ತಲೆ ಅಲ್ಲಾಡಿಸಿದ. “ನೈಲಾನ್ ಹಾಕೋಣ್ರಿ. ಗನ್‌ಮೆಟಲ್ ಹಾಕಿದ್ರ ರಾಡ್ ಸವೀತೈತಿ. ಸೋವಿ ಇದ್ದದ್ದು ಸವೀಬೇಕ್ರಿ, ತುಟ್ಟಿ ಇದ್ದದ್ದು ಉಳೀಬೇಕು.” ಮೂರು ಬುಶ್ ಕಡೆದುಕೊಟ್ಟ. ಅವು ಇಂದಿಗೂ ಗಾಡಿಯಲ್ಲಿವೆ.

ಪದ್ಮಿನಿಯ ಬಹುಪಾಲು ರಿಪೇರಿ ಇದೇ ಜಾಡಿನದು. ಕಿಂಗ್‌ಪಿನ್ನಿಗೆ ಬುಶ್ ಹೊಡೆಸಬಹುದು, ಡ್ರಮ್ ಲೇಥಿಗೆ ಹಾಕಿ ಸಪಾಟು ಮಾಡಿಸಬಹುದು, ಬ್ರೇಕ್ ಶೂಗೆ ಹೊಸ ಲೈನರ್ ಕೂರಿಸಬಹುದು, ಪಟ್ಟಿ ಸ್ಪ್ರಿಂಗಿಗೆ ಕಮಾನು ಹಾಕುವವರು ಪ್ರತಿ ಊರಲ್ಲೂ ಇದ್ದಾರೆ. ಹಿತ್ತಾಳೆ ರೇಡಿಯೇಟರ್ ಸೋರಿದರೆ ಬೆಸುಗೆ ಹಾಕಿಸಿದರೆ ಮುಗಿಯಿತು. ನಿಮ್ಮ ಪಾಲಿನ ಕೆಲಸವೆಂದರೆ ಗ್ರೀಸ್. ತಿಂಗಳಿಗೊಮ್ಮೆ ಕೆಳಗೆ ಮಲಗಿ ನಿಪ್ಪಲ್‌ಗಳಿಗೆ ಗ್ರೀಸ್ ಹೊಡೆಯಲು ಬೇಸರವಿಲ್ಲದವರು ಮಾತ್ರ ಈ ಕಾರಿನ ಕಡೆ ನೋಡಿ.

ಆಗದ ಕೆಲಸವೂ ಇದೆ. ಮುಂಬೈಯ ಕಪ್ಪು-ಹಳದಿ ಟ್ಯಾಕ್ಸಿಗಳು ಓಡುತ್ತಿದ್ದಷ್ಟು ಕಾಲ ಈ ಕಾರಿನ ಸಾಮಾನು ಮಾಡುವ ಸಣ್ಣ ಕಾರ್ಖಾನೆಗಳಿಗೆ ಕೆಲಸವಿತ್ತು. ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟಿತು. ಈಗ ಗ್ರಿಲ್, ಟೇಲ್ ಲೈಟಿನ ಗಾಜು, ಬಾಗಿಲಿನ ರಬ್ಬರು, ಮುಂದಿನ ಗಾಜು ಇಂಥವಕ್ಕೆ ಕುರ್ಲಾದ ಹಳೆ ಸಾಮಾನಿನ ಅಂಗಡಿಗಳಲ್ಲಿ ಹುಡುಕಬೇಕು, ಸಿಕ್ಕಾಗ ಎರಡು ಜೊತೆ ಕೊಂಡಿಡಬೇಕು. ಎಂಜಿನ್ ಸ್ವಲ್ಪ ಹೊಗೆ ಬಿಟ್ಟರೂ ಪರವಾಗಿಲ್ಲ, ಗ್ರಿಲ್ಲು-ಗಾಜು-ಪಟ್ಟಿ ಪೂರ್ತಿ ಇರುವ ಗಾಡಿಯನ್ನೇ ಆರಿಸಿ. ಎಂಜಿನ್ ಕಟ್ಟಿಸಬಹುದು, ಗ್ರಿಲ್ ಹುಟ್ಟಿಸಲಾಗದು. ಡೀಸೆಲ್ ಎಂಜಿನ್ನಿನ 137ಡಿ ಯಾರಾದರೂ ಸೋವಿಯಲ್ಲಿ ಕೊಡುತ್ತೇನೆ ಎಂದರೆ ನಮಸ್ಕಾರ ಹೇಳಿ ಬನ್ನಿ. ಅದರ ಸಾಮಾನು ಪೆಟ್ರೋಲಿನದಕ್ಕಿಂತ ಅಪರೂಪ.

ಇನ್ನು ಜಳ. ಪದ್ಮಿನಿಯ ಪೆಟ್ರೋಲ್ ಪಂಪು ಎಂಜಿನ್ನಿಗೇ ಅಂಟಿಕೊಂಡಿದೆ. ಬೇಸಿಗೆಯಲ್ಲಿ ಎಂಜಿನ್ ಕಾದು ಪಂಪಿನೊಳಗಿನ ಪೆಟ್ರೋಲ್ ಆವಿಯಾದರೆ ಪಂಪು ಆವಿಯನ್ನು ಎಳೆಯಲಾರದು, ಗಾಡಿ ನಿಂತುಬಿಡುತ್ತದೆ. ಇದಕ್ಕೆಂದೇ ನಮ್ಮ ಮಿಸ್ತ್ರಿ ಪಂಪಿನ ಪಕ್ಕದಲ್ಲಿ ಒಂದು ತಗಡು ಕೂರಿಸಿಕೊಟ್ಟಿದ್ದರು. ಸಪ್ಪಳ ಮಾಡುತ್ತದೆಂದು ನಾನೇ ಅದನ್ನು ಬಿಚ್ಚಿಸಿದ್ದೆ. ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ ವಿಜಯಪುರದಿಂದ ಬಾಗಲಕೋಟೆಗೆ ಹೊರಟು, ಕೊಲ್ಹಾರದಲ್ಲಿ ಕೃಷ್ಣೆಯ ಸೇತುವೆ ಇನ್ನೇನು ಸಿಗಬೇಕು ಅನ್ನುವಾಗ ಗಾಡಿ ಎರಡು ಬಾರಿ ಬಿಕ್ಕಿ ನಿಂತಿತು. ರಸ್ತೆ ಪಕ್ಕ ಮಣ್ಣಿನ ಗಡಿಗೆ ಇಟ್ಟುಕೊಂಡು ಮೊಸರು ಮಾರುತ್ತಿದ್ದ ಅಜ್ಜಿ ನಾನು ಬಾನೆಟ್ ಎತ್ತಿದ್ದು ನೋಡಿ, “ನಿನ್ನ ಗಾಡಿಗೂ ಜಳಾ ಹತ್ತೈತೇನಪಾ?” ಎಂದು ಕೇಳಿದಳು. ಗಡಿಗೆಯ ಮೇಲೆ ಹೊದಿಸಿದ್ದ ಹಸಿ ಬಟ್ಟೆಯಲ್ಲೇ ಒಂದನ್ನು ಕೊಟ್ಟಳು. ಪಂಪಿಗೆ ಸುತ್ತಿದೆ. ಚುಸ್ ಎಂದಿತು. ಕಾಲು ತಾಸು ಕೂತು ಮೊಸರು ಕುಡಿದು ಎದ್ದು ಚಾವಿ ತಿರುಗಿಸಿದರೆ ಒಂದೇ ಸಲಕ್ಕೆ ಚಾಲೂ. ತಗಡು ಮತ್ತೆ ಕೂತಿತು ಅನ್ನಿ. ವಿಜಯಪುರದಲ್ಲೇ ಇರುವವರು ಟಾಕಿಯ ಹತ್ತಿರ ಕರೆಂಟಿನ ಪಂಪು ಹಾಕಿಸಿಕೊಂಡರೆ ಹಸಿ ಬಟ್ಟೆಯ ಗೊಡವೆಯೇ ಬೇಡ.

ಆ್ಯವರೇಜ್ ಕೇಳಿದವರಿಗೆ: ನನ್ನದು ಊರೊಳಗೆ ಲೀಟರಿಗೆ 10-11, ಹೊರಗೆ 13. ಕೇಳಿ ಬೇಸರವಾಯಿತಲ್ಲ?

ಮಾರುತಿ, ಎರಡು ಬಗೆ

ಹಳೆ ಮಾರುತಿ 800 ಎಂದರೆ ಒಂದೇ ಕಾರಲ್ಲ. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿ ಮೊದಲ ಗಿರಾಕಿಗೆ ಕೀಲಿ ಕೊಟ್ಟದ್ದು ಎಸ್‌ಎಸ್‌80 ಎಂಬ ಮಾದರಿಯದು. 1986ರಲ್ಲಿ ಮೈಕಟ್ಟು ಬದಲಾಯಿತು. ನಮ್ಮೆಲ್ಲರ ಕಣ್ಣಿಗೆ ಕಟ್ಟಿರುವ 800 ಈ ಎರಡನೆಯದು. ಅದು 2014ರ ಜನವರಿವರೆಗೂ ತಯಾರಾಯಿತು.

ಎರಡರಲ್ಲೂ ಎಂಜಿನ್ 796 ಸಿಸಿಯ ಮೂರು ಸಿಲಿಂಡರಿನದೇ. ಅದೇ ಎಂಜಿನ್ ಓಮ್ನಿಯಲ್ಲೂ ಇತ್ತು. ಹಾಗಾಗಿ ಸಿಂದಗಿಯಲ್ಲಿ ನಿಂತರೂ, ರಾಮದುರ್ಗದಲ್ಲಿ ನಿಂತರೂ ಪಿಸ್ಟನ್ನು, ಕ್ಲಚ್ ಪ್ಲೇಟು, ವಾಟರ್ ಪಂಪು ಸಿಗುತ್ತದೆ. ಮಾರುತಿಗೆ ಲೇಥೂ ಬೇಡ, ಅಂಗಡಿ ಸಾಕು. ಎಸ್‌ಎಸ್‌80ಯ ಗೋಳು ಹೊರಮೈಯದು. ಅದರ ಗಾಜು, ಲೈಟು, ಬಾಗಿಲು ಮುಂದಿನ 800ಕ್ಕೆ ಹೊಂದುವುದಿಲ್ಲ. ತಗಡು ಬಹಳ ತೆಳು. ಬೆಳಗಾವಿ ಮಳೆಯಲ್ಲಿ ನಿಂತದ್ದಾದರೆ ಕಾಲಿಡುವ ಜಾಗದ ಮ್ಯಾಟು ಎತ್ತಿ ನೋಡಿ, ರಸ್ತೆ ಕಾಣಬಹುದು.

ನನ್ನ ಮಾತು ನೇರ: ಓಡಿಸಲು ಬೇಕಾದರೆ 1986ರ ನಂತರದ ಕಾರ್ಬ್ಯುರೇಟರ್ 800, ಇಟ್ಟುಕೊಳ್ಳಲು ಬೇಕಾದರೆ ಎಸ್‌ಎಸ್‌80. ಎರಡನ್ನೂ ಒಂದರಲ್ಲೇ ಬಯಸಿದರೆ ಎರಡೂ ಕೆಡುತ್ತವೆ. ನನ್ನ ಗೆಳೆಯ ಎಸ್‌ಎಸ್‌80ಯಲ್ಲಿ ದಿನಾ ಆಫೀಸಿಗೆ ಹೋಗಿ, ಯಾರದೋ ಬೈಕಿನ ಹ್ಯಾಂಡಲ್ ತಾಗಿ ಟೇಲ್ ಲೈಟ್ ಒಡೆದುಕೊಂಡ. ಒಂದು ವರ್ಷವಾದರೂ ಜೋಡಿ ಸಿಕ್ಕಿಲ್ಲ. ಕೆಂಪು ಅಕ್ರಿಲಿಕ್ ಶೀಟು ಕತ್ತರಿಸಿ ಅಂಟಿಸಿಕೊಂಡಿದ್ದಾನೆ. ದೂರದಿಂದ ಚೆನ್ನಾಗಿದೆ.

ಮ್ಯಾಟಿಜ್

ಓಡಿಸುವ ಸುಖಕ್ಕೆ ಅಂಕ ಕೊಡುವುದಾದರೆ ಇಲ್ಲಿ ಹೇಳಿದವುಗಳಲ್ಲಿ ಮ್ಯಾಟಿಜ್‌ಗೇ ಮೊದಲ ಸ್ಥಾನ. ಇಟಲಿಯ ಜೂಜಾರೋ ಸಂಸ್ಥೆ ಬರೆದ ಗುಂಡುಮುಖ, 796 ಸಿಸಿ, ಕಾರ್ಬ್ಯುರೇಟರ್ ಬದಲು ಪೆಟ್ರೋಲ್ ಚಿಮುಕಿಸುವ ಎಂಪಿಎಫ್‌ಐ, ಎತ್ತರದ ಸೀಟು. 1998ರ ಕೊನೆಗೆ ಡೇವೂ ಇದನ್ನು ನಮ್ಮ ದೇಶದಲ್ಲಿ ಬಿಡುಗಡೆ ಮಾಡಿದಾಗ ಸಣ್ಣ ಕಾರು ಇಷ್ಟು ಚಂದ ಇರಬಹುದೇ ಅನಿಸಿತ್ತು. ಮುಂದೆ ಕೆಲವೇ ವರ್ಷಗಳಲ್ಲಿ ಕೊರಿಯಾದ ಮೂಲ ಕಂಪನಿಯೇ ಮುಳುಗಿತು, ನೋಯ್ಡಾ ಬಳಿಯ ಸೂರಜ್‌ಪುರದ ಕಾರ್ಖಾನೆಯೂ ನಿಂತಿತು.

ಷಡ್ಡಕ ಸಿಕ್ಕಿದ್ದು ಅಗ್ಗ ಎಂದು ಒಂದು ಕೊಂಡ. ಪೇಂಟು ಕನ್ನಡಿ, ಎಸಿ ತಣ್ಣಗೆ. ಎಂಟು ತಿಂಗಳಿಗೆ ಒಂದು ಸೆನ್ಸರ್ ಹೋಯಿತು. ಅಂಗಡಿಯೊಬ್ಬರು “ಶೆವ್ರೊಲೆ ಸ್ಪಾರ್ಕ್ ಅಂದ್ರ ಮ್ಯಾಟಿಜ್ ರೀ, ಎರಡೂ ಒಂದ” ಎಂದು ಸ್ಪಾರ್ಕಿನ ಸಾಮಾನು ಕೊಟ್ಟರು. ನೋಡಲು ಅಕ್ಕ-ತಂಗಿ ಹೌದು. ಆದರೆ ನಮ್ಮಲ್ಲಿ ಮಾರಾಟವಾದ ಸ್ಪಾರ್ಕಿನದು ನಾಲ್ಕು ಸಿಲಿಂಡರಿನ 995 ಸಿಸಿ ಎಂಜಿನ್, ಮ್ಯಾಟಿಜ್‌ದು ಮೂರರದು. ಸಾಮಾನು ಕೂರಲಿಲ್ಲ, ಹಣ ವಾಪಸು ಬರಲಿಲ್ಲ. ಆ ಸುಟ್ಟ ಸೆನ್ಸರನ್ನು ಅವನು ಉದ್ಯಮಬಾಗಕ್ಕೂ ಒಯ್ದಿದ್ದ. ಅದೇ ಲೇಥಿನ ಹುಡುಗ ಅದನ್ನು ಅಂಗೈಯಲ್ಲಿ ಹೊರಳಿಸಿ ನೋಡಿ, “ಇದರಾಗ ಕೆತ್ತಾಕ ಏನೂ ಇಲ್ರಿ” ಎಂದು ವಾಪಸು ಕೊಟ್ಟ.

ಹಾಗೂ ಮ್ಯಾಟಿಜೇ ಬೇಕು ಎನ್ನುವವರು ಎರಡು ಕೊಳ್ಳಿ: ಒಂದು ಓಡಿಸಲು, ಒಂದು ಬಿಚ್ಚಲು. ತಮಾಷೆ ಮಾಡುತ್ತಿಲ್ಲ, ಈ ಕಾರನ್ನು ಇಂದಿಗೂ ಓಡಿಸುವವರು ಹಾಗೇ ಮಾಡುತ್ತಾರೆ. ಕೊಂಡ ವಾರದಲ್ಲೇ ಟೈಮಿಂಗ್ ಬೆಲ್ಟ್ ಬದಲಿಸಿ. ಹಳೆ ಮಾಲೀಕ ಹೋದ ವರ್ಷವೇ ಹಾಕಿಸಿದ್ದೇನೆ ಎಂದರೂ ಬದಲಿಸಿ. ಓಡುವಾಗ ಅದು ಹರಿದರೆ ಪಿಸ್ಟನ್ನು ವಾಲ್ವಿಗೆ ಬಡಿದು ವಾಲ್ವ್ ಬಾಗುತ್ತವೆ, ಆಮೇಲೆ ಹೆಡ್ ಇಳಿಸಬೇಕು.

ನ್ಯಾನೋ

ಇದನ್ನು ಹಳೆ ಕಾರು ಎಂದರೆ ಮಾವನವರು ಸಿಟ್ಟಾಗುತ್ತಾರೆ. ಆದರೆ 2009ರ ಮಾರ್ಚಿನಲ್ಲಿ ಬಂದು 2018ರಲ್ಲಿ ನಿಂತ ಕಾರು ಅದು. ಮೊದಲ ಗಾಡಿಗಳಿಗೆ 15 ವರ್ಷ ತುಂಬಿ ಆರ್‌ಸಿ ನವೀಕರಣಕ್ಕೆ ಬಂದಿವೆ. ಬಂದಾಗ ಬಡವರ ಕಾರೆಂದು ಮೂಗು ಮುರಿದವರೇ ಈಗ ಎಲ್ಲೋ ಒಂದು ಕಂಡರೆ ತಿರುಗಿ ನೋಡುತ್ತಾರೆ. ವಿಚಿತ್ರ ಕಾರು ಬೇಕು, ಬಹಳ ತ್ರಾಸು ಬೇಡ ಎನ್ನುವವರಿಗೆ ಇಂದು ನನ್ನ ಮೊದಲ ಸಲಹೆ ನ್ಯಾನೋ. ಲೇಥಿನ ಪರೀಕ್ಷೆಯಲ್ಲಿ ಅದು ಪಾಸಾಗುವುದಿಲ್ಲ. ಆದರೆ ಮಾಡಿದ ಕಂಪನಿ ಬದುಕಿದೆ, ಊರೂರಲ್ಲಿ ಸರ್ವಿಸ್ ಸೆಂಟರ್ ಇದೆ. ಲೇಥಿಲ್ಲದ ಕಡೆ ಅದೇ ಲೇಥು.

ವಿಚಿತ್ರ ಅಂದರೆ ನಿಜಕ್ಕೂ ವಿಚಿತ್ರ. 624 ಸಿಸಿಯ ಎರಡು ಸಿಲಿಂಡರ್ ಎಂಜಿನ್ ಹಿಂದಿದೆ. ಪೆಟ್ರೋಲ್ ತುಂಬುವ ಬಾಯಿ ಮುಂದಿನ ಬಾನೆಟ್ ಕೆಳಗಿದೆ. ಪಂಪಿನಲ್ಲಿ ಹೊಸ ಹುಡುಗನಿದ್ದರೆ ನಳಿಗೆ ಹಿಡಿದು ಗಾಡಿಗೆ ಒಂದು ಪ್ರದಕ್ಷಿಣೆ ಹಾಕಿ, “ಟಾಕಿ ಎಲ್ಲೈತ್ರಿ ಅಜ್ಜಾರ?” ಎಂದು ಕೇಳುತ್ತಾನೆ. ಮಾವನವರು ಬೇಕೆಂದೇ ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತಾರೆ. ಮುಂದಿನ ಟೈರು 135 ಮಿಲಿಮೀಟರ್ ಅಗಲದ್ದು, ಹಿಂದಿನದು 155. ಗಾಲಿಗೆ ಮೂರೇ ನಟ್ಟು. 2015ರ ಜೆನ್‌ಎಕ್ಸ್ ಮಾದರಿ ಬರುವವರೆಗೆ ಹಿಂದಿನ ಡಿಕ್ಕಿ ಹೊರಗಿನಿಂದ ತೆರೆಯುತ್ತಿರಲಿಲ್ಲ. ಸೀಟು ಮಡಚಿ ಒಳಗಿನಿಂದ ಸಾಮಾನು ಇಡಬೇಕು, ಎಂಜಿನ್ ನೋಡಲೂ ಅದೇ ದಾರಿ. ಮಿಸ್ತ್ರಿಗಳು ನ್ಯಾನೋ ಕಂಡರೆ ಮುಖ ಸಿಂಡರಿಸುವುದು ಇದಕ್ಕೇ.

ಕೊಳ್ಳುವುದಾದರೆ ಜೆನ್‌ಎಕ್ಸ್ ಕೊಳ್ಳಿ. ಡಿಕ್ಕಿ ತೆರೆಯುತ್ತದೆ, ಟಾಕಿ 15ರ ಬದಲು 24 ಲೀಟರಿನದು. 2014ರ ಟ್ವಿಸ್ಟ್ ಮಾದರಿಯಿಂದ ಪವರ್ ಸ್ಟೀರಿಂಗೂ ಬಂತು. ಅದಕ್ಕೆ ಹಿಂದಿನದಾದರೆ ವೈರಿಂಗನ್ನು ಒಬ್ಬ ಒಳ್ಳೆಯ ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಶುರುವಿನ ದಿನಗಳಲ್ಲಿ ಕೆಲವು ನ್ಯಾನೋಗಳಿಗೆ ಬೆಂಕಿ ಹತ್ತಿದ ಸುದ್ದಿ ಮರೆಯಬೇಡಿ. ಹೊರಗಿನಿಂದ ತಂದು ಹಾಕಿದ ಹಾರ್ನು, ಮ್ಯೂಸಿಕ್ ಸಿಸ್ಟಮಿನ ಜೋಡು ತಂತಿಗಳಿದ್ದರೆ ಕಿತ್ತು ಹಾಕಿಸಿ. 12 ಇಂಚಿನ ಈ ಟೈರು ಈಗ ಕೇಳಿದ ಕೂಡಲೇ ಸಿಗುವುದಿಲ್ಲ; ಸವೆಯುವ ಮೊದಲೇ ಹೇಳಿಟ್ಟಿರಬೇಕು.

ಊರೊಳಗೆ ನ್ಯಾನೋಗೆ ಸಾಟಿಯಿಲ್ಲ. ವಿಜಯಪುರದ ಹಳೇ ಓಣಿಗಳಲ್ಲಿ, ಎದುರಿನಿಂದ ಟಂಟಂ ಬಂದರೂ ಎಲ್ಲೋ ಒಂದು ಕಡೆ ತೂರಿಕೊಳ್ಳುತ್ತದೆ. ಹೆದ್ದಾರಿಯಲ್ಲಿ ಮಾತ್ರ ಪ್ರಾಣಿ ಬೇರೆ. ಬಯಲಿನ ಅಡ್ಡಗಾಳಿಗೆ ಮುಂಭಾಗ ಹಗುರಾಗಿ ತೇಲಿದಂತಾಗುತ್ತದೆ. ಸ್ಲೀಪರ್ ಬಸ್ಸು ಪಕ್ಕದಲ್ಲಿ ಹಾದರೆ ಸ್ಟೀರಿಂಗ್ ಎರಡೂ ಕೈಯಲ್ಲಿ ಬಿಗಿಹಿಡಿಯಬೇಕು. ಬೆಳಗಾವಿ-ವಿಜಯಪುರ ವಾರಕ್ಕೊಮ್ಮೆ ಓಡಾಡುವವರು ಇದನ್ನು ಕೊಳ್ಳಬೇಡಿ.

ಡಾಲ್ಫಿನ್ ಸಿಕ್ಕರೆ

ಸಿಗುವುದು ಕಷ್ಟ. ಆದರೂ ಹೇಳುತ್ತೇನೆ, ನಮ್ಮ ರಾಜ್ಯದಲ್ಲೇ ಹುಟ್ಟಿದ ಕಾರಿದು. ಎಂಬತ್ತರ ದಶಕದಲ್ಲಿ ಬೆಂಗಳೂರಿನ ಸಿಪಾನಿಯವರು ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರಿನ ಆಧಾರದ ಮೇಲೆ ಎರಡು ಬಾಗಿಲಿನ ಡಾಲ್ಫಿನ್ ಮಾಡಿದರು. ಮೈ ಪೂರ್ತಿ ಫೈಬರ್, ಎಂಜಿನ್ 848 ಸಿಸಿ. ರ‍್ಯಾಲಿಗಳಲ್ಲಿ ಹೆಸರು ಮಾಡಿತು, ಪೇಟೆಯಲ್ಲಿ ಮಾರುತಿಯ ಮುಂದೆ ನಿಲ್ಲಲಿಲ್ಲ.

ಬೆಳಗಾವಿ ಮಳೆಗೆ ಹೇಳಿ ಮಾಡಿಸಿದ ಮೈ ಅದು, ತುಕ್ಕಿಗೆ ತಿನ್ನಲು ತಗಡೇ ಇಲ್ಲ. ಬಿರುಕು ಬಿಟ್ಟರೆ ಫೈಬರ್ ಕೆಲಸದವರು ಗಾಜಿನ ನಾರಿನ ಚಾಪೆ-ರೆಸಿನ್ ಹಚ್ಚಿ ಸರಿಮಾಡುತ್ತಾರೆ. ಎಂಜಿನ್ ಅಲ್ಯೂಮಿನಿಯಂದು, ಒಮ್ಮೆ ನೀರಿಲ್ಲದೆ ಕಾದರೆ ಹೆಡ್ ಸೊಟ್ಟಗಾಗುತ್ತದೆ, ಗ್ಯಾಸ್ಕೆಟ್ ಹುಡುಕುತ್ತ ತಿಂಗಳು ಕಳೆಯಬೇಕು. ಅಂಗಳದಲ್ಲಿ ನಿಲ್ಲಿಸಿ ನೋಡಿ ಖುಷಿಪಡುವ, ಎರಡನೇ ಕಾರು ಇರುವ ಮನೆಯವರಿಗಷ್ಟೇ ಇದು.

ಮಳೆ, ಜಳ, ಎರೆಮಣ್ಣು

ಒಂದೇ ಕಾರು ಮೂರು ಊರಲ್ಲಿ ಮೂರು ರೀತಿ ಸಾಯುತ್ತದೆ. ಬೆಳಗಾವಿಯಲ್ಲಿ, ಅದಕ್ಕೂ ಹೆಚ್ಚಾಗಿ ಖಾನಾಪುರದ ಕಡೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ ತಗಡು ತಿನ್ನುತ್ತದೆ. ಬಾಗಿಲಿನ ತಳದಲ್ಲಿ ನೀರು ಇಳಿದುಹೋಗುವ ಸಣ್ಣ ತೂತುಗಳಿರುತ್ತವೆ. ಅವು ಮಣ್ಣು ಕಟ್ಟಿದರೆ ಬಾಗಿಲು ಒಳಗಿನಿಂದ ಕೊಳೆಯುತ್ತದೆ. ಮಿರಗದ ಮಳೆ ಶುರುವಾಗುವ ಮುನ್ನ ಒಂದು ಕಡ್ಡಿ ತೆಗೆದುಕೊಂಡು ಆ ತೂತು ಬಿಡಿಸಿ, ಐದು ನಿಮಿಷದ ಕೆಲಸ.

ವಿಜಯಪುರದ ಗಾಡಿಗೆ ತುಕ್ಕು ಕಡಿಮೆ. ಕೊಳ್ಳಲು ಅಲ್ಲಿಯದನ್ನು ಹುಡುಕಿ ಎಂದು ನಾನು ಹೇಳುವುದು ಅದಕ್ಕೇ. ಅಲ್ಲಿ ಕೆಡುವುದು ರಬ್ಬರು ಮತ್ತು ರೇಡಿಯೇಟರ್. ಬೋರಿನ ಸವಳು ನೀರನ್ನೇ ವರ್ಷಗಟ್ಟಲೆ ಹೊಯ್ದಿದ್ದರೆ ರೇಡಿಯೇಟರ್ ಒಳಗೆ ಹಂಡೆಯ ತಳದ ಹಾಗೆ ಸುಣ್ಣ ಕಟ್ಟಿರುತ್ತದೆ. ಮುಚ್ಚಳ ತೆಗೆದು ಬೆರಳು ಹಾಕಿ ನೋಡಿ (ಎಂಜಿನ್ ತಣ್ಣಗಿದ್ದಾಗ, ದಯವಿಟ್ಟು). ಪದ್ಮಿನಿಯದಾದರೆ ಬಿಚ್ಚಿ ತೊಳೆಸಬಹುದು, ನ್ಯಾನೋದ್ದೋ ಮ್ಯಾಟಿಜ್‌ದೋ ಆದರೆ ಹೊಸದೇ ಬೇಕು. ಬಾಗಲಕೋಟೆಯ ಕಡೆ ಎರೆಮಣ್ಣು ಗಾಲಿಯ ಕಮಾನಿನೊಳಗೆ ಮೆತ್ತಿಕೊಂಡು ಕಲ್ಲಾಗುತ್ತದೆ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳ ಧೂಳಿಗೆ ಏರ್ ಫಿಲ್ಟರ್ ಬೇಗ ತುಂಬುತ್ತದೆ. ಅವುಗಳ ಹಿಂದೆ ಲೈಟೂ ಇರುವುದಿಲ್ಲ. ಡ್ರಮ್ ಬ್ರೇಕಿನ ಹಳೆ ಕಾರಿನಲ್ಲಿ ಕತ್ತಲಾದ ಮೇಲೆ ಲೋಕಾಪುರದ ರಸ್ತೆ ಹಿಡಿಯಬೇಡಿ.

ಕಬ್ಬಿನ ಮಾತು ಬಂತಲ್ಲ, ಇನ್ನೊಂದು ಇದೆ. 2025ರಿಂದ ದೇಶದ ಪಂಪುಗಳಲ್ಲಿ ಸಿಗುವುದು ನೂರಕ್ಕೆ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್. ಮುಧೋಳ, ಗೋಕಾಕ, ಅಥಣಿ ಸೀಮೆಯಲ್ಲಿ ಬೆಳೆದ ಕಬ್ಬು ಕಾರ್ಖಾನೆಗೆ ಹೋಗಿ ಎಥೆನಾಲ್ ಆಗಿ ನಮ್ಮ ಟಾಕಿಗೇ ವಾಪಸು ಬರುತ್ತದೆ. ರೈತನಾಗಿ ನನಗೆ ಸಂತೋಷ, ಪದ್ಮಿನಿ ಇಟ್ಟುಕೊಂಡವನಾಗಿ ಸಂಕಟ. ಹಳೆ ಕಾಲದ ರಬ್ಬರ್ ಪೈಪು, ಪಂಪಿನ ಪೊರೆ ಎಥೆನಾಲಿಗೆ ಉಬ್ಬಿ, ಮೆತ್ತಗಾಗಿ, ಬಿರಿಯುತ್ತವೆ. ಯಾವ ಹಳೆ ಕಾರು ಕೊಂಡರೂ ಟಾಕಿಯಿಂದ ಎಂಜಿನ್‌ವರೆಗಿನ ಪೈಪು ಪೂರ್ತಿ ಬದಲಿಸಿ, ಎಥೆನಾಲ್ ತಡೆಯುವ ಜಾತಿಯದೇ ಹಾಕಿಸಿ. ಎಥೆನಾಲ್ ಗಾಳಿಯ ತೇವ ಎಳೆದುಕೊಳ್ಳುವುದರಿಂದ ಅರ್ಧ ಟಾಕಿಯಲ್ಲಿ ತಿಂಗಳುಗಟ್ಟಲೆ ನಿಲ್ಲಿಸಿದರೆ ಒಳಗೆ ತುಕ್ಕು. ವಾರಕ್ಕೊಮ್ಮೆಯಾದರೂ ಓಡಿಸಿ.

ಕಾಗದಪತ್ರ

15 ವರ್ಷವಾದ ಮೇಲೆ ಆರ್‌ಸಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. ಕಾರಿಗೆ ಶುಲ್ಕ 5,000 ರೂಪಾಯಿ. 20 ವರ್ಷ ದಾಟಿದ್ದಕ್ಕೆ 2025ರ ಆಗಸ್ಟ್‌ನಲ್ಲಿ 10,000 ಮಾಡಿದರು. ಹಸಿರು ತೆರಿಗೆ ಬೇರೆ. ಆರ್‌ಸಿ ಸತ್ತ ಗಾಡಿ ಅಗ್ಗಕ್ಕೆ ಸಿಗುತ್ತದೆ, ಬದುಕಿಸುವ ಹೊತ್ತಿಗೆ ತುಟ್ಟಿಯಾಗಿರುತ್ತದೆ.

ನಮ್ಮ ಗಡಿಯ ಪಾಡು ಇನ್ನೊಂದು. ಬೆಳಗಾವಿಯಲ್ಲಿ ಮಾರಾಟಕ್ಕೆ ಬರುವ ಹಳೆ ಗಾಡಿಗಳಲ್ಲಿ ಕೊಲ್ಹಾಪುರದ ಎಂಎಚ್-09, ವಿಜಯಪುರದಲ್ಲಿ ಸೊಲ್ಲಾಪುರದ ಎಂಎಚ್-13 ಬಹಳ. ಅಲ್ಲಿಯ ಆರ್‌ಟಿಓದಿಂದ ಎನ್‌ಒಸಿ, ಇಲ್ಲಿಯ ತೆರಿಗೆ, ಹೊಸ ನಂಬರು, ಇಷ್ಟರ ಖರ್ಚು ಕೂಡಿಸಿ ನೋಡಿ. ನಮ್ಮ ಮೂರು ಜಿಲ್ಲೆಯ ಕೆಎ-22, 28, 29ರದ್ದೇ ಸ್ವಲ್ಪ ಹೆಚ್ಚು ಕೊಟ್ಟರೂ ಸಿಕ್ಕರೆ ಬಿಡಬೇಡಿ. ಆರ್‌ಸಿಯಲ್ಲಿ ಗ್ಯಾಸ್ ಕಿಟ್ ನಮೂದಾಗಿದ್ದು ಗಾಡಿಯಲ್ಲಿ ಇಲ್ಲದಿದ್ದರೆ, ಅಥವಾ ಗಾಡಿಯಲ್ಲಿದ್ದು ಆರ್‌ಸಿಯಲ್ಲಿ ಇಲ್ಲದಿದ್ದರೆ, ಮಾರುವವನೇ ಸರಿಮಾಡಿಸಿ ಕೊಡಲಿ.

ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಗಾಡಿಗೆ 2021ರ ನಿಯಮದಂತೆ ವಿಂಟೇಜ್ ನೋಂದಣಿ, ‘ವಿಎ’ ಅಕ್ಷರದ ನಂಬರು ಸಿಗುತ್ತದೆ. ಎಪ್ಪತ್ತರ ದಶಕದ ಮೊದಲ ಪದ್ಮಿನಿಗಳು ಈಗ ಆ ಗೆರೆ ದಾಟುತ್ತಿವೆ. ಆದರೆ ಅಂಥ ಗಾಡಿಯನ್ನು ದಿನಬಳಕೆಗೆ ರಸ್ತೆಗಿಳಿಸುವಂತಿಲ್ಲ. ಹಾಲು ತರಲು ಹೋಗುವವರಿಗೆ ಸಾದಾ ನವೀಕರಣವೇ ಲೇಸು.

ಹಾಗಾದರೆ ಯಾವುದು

ಬೆಳಗಾವಿಯಲ್ಲಿದ್ದು, ಮುಚ್ಚಿದ ಗ್ಯಾರೇಜಿದ್ದು, ಭಾನುವಾರ ಕೈ ಹೊಲಸು ಮಾಡಿಕೊಳ್ಳುವ ಚಟವಿದ್ದರೆ ಪದ್ಮಿನಿ. ಗ್ಯಾರೇಜಿಲ್ಲದೆ ಬೀದಿಯಲ್ಲಿ ನಿಲ್ಲಿಸುವವರು ಅಲ್ಲಿ ಪದ್ಮಿನಿಗೂ ಎಸ್‌ಎಸ್‌80ಗೂ ಕೈ ಹಾಕಬೇಡಿ, ಎರಡು ಮಳೆಗಾಲ ತಡೆಯವು. ವಿಜಯಪುರದೊಳಗೇ ಓಡಾಟವಿದ್ದರೆ ನ್ಯಾನೋ ಜೆನ್‌ಎಕ್ಸ್. ಬಾಗಲಕೋಟೆಯ ನವನಗರದಲ್ಲಿದ್ದು ಹೊಲ, ಸಂತೆ, ಮದುವೆ ಎಂದು ಹಳ್ಳಿ ಸುತ್ತುವವರಿಗೆ ಕಾರ್ಬ್ಯುರೇಟರ್ 800. ಅದು ಎಲ್ಲಿ ನಿಂತರೂ ಅಲ್ಲೊಬ್ಬ ಮಿಸ್ತ್ರಿ ಸಿಗುತ್ತಾನೆ. ಮ್ಯಾಟಿಜ್ ಬೇಕೆನ್ನುವವರು ನನ್ನ ಷಡ್ಡಕನನ್ನು ಕಾಣಿ, ಅವನದು ಮಾರಾಟಕ್ಕಿದೆ.

ನೋಡಲು ಹೋಗುವಾಗ ತೆಳು ಬಟ್ಟೆಯಲ್ಲಿ ಸುತ್ತಿದ ಒಂದು ಮ್ಯಾಗ್ನೆಟ್ ಕಿಸೆಯಲ್ಲಿರಲಿ. ಬಾಗಿಲಿನ ತಳ, ಗಾಲಿಯ ಕಮಾನು, ಡಿಕ್ಕಿಯ ನೆಲ ಇಲ್ಲೆಲ್ಲ ಹಚ್ಚಿ ನೋಡಿ. ಹಿಡಿಯದೆ ಜಾರಿದರೆ ಅಲ್ಲಿರುವುದು ತಗಡಲ್ಲ, ಮೆತ್ತಿದ ಪುಟ್ಟಿ. ಚೇಸಿ ನಂಬರಿನ ಮೇಲೆ ಬಿಳಿ ಹಾಳೆ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು ಆರ್‌ಸಿಯ ಜೊತೆ ಹೋಲಿಸಿ. ನೀವು ಬರುವ ಮೊದಲೇ ಗಾಡಿ ಚಾಲೂ ಮಾಡಿ ಇಡಬೇಡಿ ಎಂದು ಮುಂಚೆಯೇ ಹೇಳಿರಿ. ತಣ್ಣಗಿದ್ದಾಗ ಹೇಗೆ ಹತ್ತುತ್ತದೆ ನೋಡಿ. ಆಮೇಲೆ ಅರ್ಧ ತಾಸು ಓಡಿಸಿ, ಬಿಸಿಲಲ್ಲಿ ನಿಲ್ಲಿಸಿ, ಬಂದ್ ಮಾಡಿ, ಮಾರುವವರ ಮನೆಯ ಚಹಾ ಕುಡಿದು ಹತ್ತು ನಿಮಿಷದ ನಂತರ ಮತ್ತೆ ಚಾವಿ ತಿರುಗಿಸಿ. ಈಗ ಹತ್ತಲು ತಕರಾರು ಮಾಡಿದರೆ, “ಏನಿಲ್ರಿ, ಜರಾ ನೂಕಿದ್ರ ಆತು” ಎಂದು ಅವರು ಹೇಳುವ ಮೊದಲೇ ರೇಟು ಇಳಿಸಲು ಶುರುಮಾಡಿ.